ಹಕ್ಕಿಯೋ, ಎಲ್ಫೋ, ಹೊಲವೋ: ಹಸಿರು ಡೆಕ್ಕಿಗೆ ಮೊದಲ ಮಾನಾ ಕಾರ್ಡಿನ ಆಯ್ಕೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟಕ್ಕೆ ಹಸಿರು ಡೆಕ್ ಕಟ್ಟಲು ಕುಳಿತವರು ದೊಡ್ಡ ದೊಡ್ಡ ಪ್ರಾಣಿಗಳ ಕಾರ್ಡುಗಳನ್ನು ಸಂತೋಷದಿಂದ ಬೇಗನೆ ಆರಿಸಿಕೊಳ್ಳುತ್ತಾರೆ. ಅವುಗಳ ಖರ್ಚನ್ನು ಭರಿಸಿಕೊಡುವ ಸಣ್ಣ ಕಾರ್ಡುಗಳ ಸರದಿ ಬಂದಾಗ ಕೈ ತಡೆಯುತ್ತದೆ. ನಮ್ಮ ಬೆಳಗಾವಿಯಲ್ಲಿ ಈ ಆಟವನ್ನು ಹೊಸದಾಗಿ ಕಲಿಯುತ್ತಿರುವ ಹುಡುಗರು, ಅದರಲ್ಲಿಯೂ ಹಾಸ್ಟೆಲಿನಲ್ಲಿದ್ದುಕೊಂಡು ಓದುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೂ ಇದೇ ಆಗಿದೆ: ಲಾನೋವರ್ ಎಲ್ವ್ಸ್ ಕೊಳ್ಳಬೇಕೋ, ಬರ್ಡ್ಸ್ ಆಫ್ ಪ್ಯಾರಡೈಸ್ ಕೊಳ್ಳಬೇಕೋ, ಅಥವಾ ಇವೆರಡನ್ನೂ ಬಿಟ್ಟು ರ‍್ಯಾಂಪಂಟ್ ಗ್ರೋತ್ ಹಾಕಿಕೊಳ್ಳಬೇಕೋ? ಮೂರೂ ಒಂದೇ ಕೆಲಸ ಮಾಡುವಂತೆ ಮೇಲ್ನೋಟಕ್ಕೆ ಕಾಣುತ್ತವೆ. ಆಡಿದಾಗ ಮೂರೂ ಬೇರೆ ಬೇರೆಯೇ ಆಗಿವೆ, ಮತ್ತು ತಪ್ಪಾದುದನ್ನು ಆರಿಸಿಕೊಂಡ ಡೆಕ್ಕು ಎಷ್ಟು ಒಳ್ಳೆಯ ಕಾರ್ಡುಗಳಿದ್ದರೂ ಮೂರನೆಯ ಸರದಿಯಲ್ಲಿ ಮುಗ್ಗರಿಸುತ್ತದೆ.

ಹೊಸಬರಿಗಾಗಿ ಆಟದ ಲೆಕ್ಕವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದಿತು. ಪ್ರತಿ ಕಾರ್ಡನ್ನು ಆಡಲು ಮಾನಾ ಎಂಬ ಶಕ್ತಿ ಬೇಕು. ಅದು ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳಲ್ಲಿ ಮುಖ್ಯವಾಗಿ ಲ್ಯಾಂಡ್ ಕಾರ್ಡುಗಳಿಂದ ಹುಟ್ಟುತ್ತದೆ. ಒಂದು ಸರದಿಗೆ ಒಂದೇ ಲ್ಯಾಂಡ್ ಇಡಬಹುದು. ಹಾಗಾಗಿ ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಎಂದು ಮಾನಾ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಮೆಟ್ಟಿಲನ್ನು ಒಂದು ಹೆಜ್ಜೆ ಹಾರಿ ಹತ್ತಿಸುವ ಕಾರ್ಡುಗಳನ್ನು ಆಟಗಾರರು ರ‍್ಯಾಂಪ್ ಎಂದು ಕರೆಯುತ್ತಾರೆ, ಮತ್ತು ಈ ಕೆಲಸದಲ್ಲಿ ಹಸಿರು ಬಣ್ಣಕ್ಕೆ ಸಮನಾದ ಬಣ್ಣ ಇನ್ನೊಂದಿಲ್ಲ.

ಹೋಲಿಕೆಗೆ ಇಳಿಯುವ ಮೊದಲು ಒಂದು ಆಟದ ಸಂಗತಿಯನ್ನು ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಅಲ್ಲಿಂದಲೇ ಬದಲಾಯಿತು. ಟಿಳಕವಾಡಿಯ ಮನೆಯ ಮಾಳಿಗೆಯ ಮೇಲೆ ಒಂದು ರವಿವಾರ ಮಧ್ಯಾಹ್ನ ನಾನು ಮತ್ತು ನನ್ನ ಅಕ್ಕನ ಮಗ ಅರವತ್ತು ಕಾರ್ಡುಗಳ ಆಟಕ್ಕೆ ಕುಳಿತಿದ್ದೆವು. ಆಷಾಢದ ಮಳೆ ಹೊರಗೆ ಬಿಡುವಿಲ್ಲದೆ ಹೊಯ್ಯುತ್ತಿತ್ತು. ನನ್ನ ಕೈಗೆ ಬಂದ ಏಳು ಕಾರ್ಡುಗಳಲ್ಲಿ ಲ್ಯಾಂಡ್ ಎರಡೇ ಇದ್ದವು, ಒಂದು ಬರ್ಡ್ಸ್ ಆಫ್ ಪ್ಯಾರಡೈಸ್ ಇತ್ತು, ಉಳಿದ ನಾಲ್ಕೂ ಮೂರು ಅಥವಾ ನಾಲ್ಕು ಮಾನಾ ಬೇಡುವ ಒಳ್ಳೆಯ ಕಾರ್ಡುಗಳಾಗಿದ್ದವು. ಮಾನಾ ಕೊಡುವ ಹಕ್ಕಿ ಇದೆಯಲ್ಲ, ಅದನ್ನೇ ಮೂರನೆಯ ಲ್ಯಾಂಡ್ ಎಂದು ತಿಳಿದುಕೊಂಡರಾಯಿತು ಎಂದು ಕೈಯನ್ನು ಉಳಿಸಿಕೊಂಡೆ. ಹಸಿರು ಮಾನಾದ ಲ್ಯಾಂಡ್ ಆದ ಫಾರೆಸ್ಟ್ ಇಟ್ಟು ಹಕ್ಕಿಯನ್ನು ಇಳಿಸಿದೆ. ಅವನು ಕೆಂಪಿನ ಲ್ಯಾಂಡ್ ಆದ ಒಂದು ಮೌಂಟನ್ ಇಟ್ಟು, ಲೈಟ್ನಿಂಗ್ ಬೋಲ್ಟ್ ಎಂಬ ಏಟಿನ ಕಾರ್ಡು ಹಾಕಿ, ಹಕ್ಕಿಯನ್ನು ಹೊಡೆದ. ಮುಂದಿನ ಮೂರು ಸರದಿಯಲ್ಲಿ ನನಗೆ ಒಂದೂ ಲ್ಯಾಂಡ್ ಬರಲಿಲ್ಲ. ಅವನು ನನ್ನ ಮುಂದಿದ್ದ ಎರಡು ಕಾರ್ಡುಗಳನ್ನು ನೋಡಿ, “ಮಾಮಾ, ಹಕ್ಕಿ ಬಂತ್ ಖರೆ, ಹೊಲಾ ಎಲ್ಲೈತ್ರಿ?” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಲ್ಯಾಂಡ್ ಕಾರ್ಡಿಗೆ ಹೊಲ ಎಂಬ ಹೆಸರೇ ನಿಂತಿದೆ, ಮತ್ತು ಈ ಬರಹದಲ್ಲಿಯೂ ಅಲ್ಲಲ್ಲಿ ಅದನ್ನೇ ಬಳಸುತ್ತೇನೆ.

ಅದು ಬರೀ ದುರದೃಷ್ಟವಾಗಿರಲಿಲ್ಲ. ಅರವತ್ತರ ಡೆಕ್ಕಿನಲ್ಲಿ 24 ಹೊಲಗಳಿದ್ದರೆ, ಎರಡೇ ಹೊಲಗಳ ಕೈ ಹಿಡಿದ ಆಟಗಾರನಿಗೆ ಮುಂದಿನ ಮೂರು ಕಾರ್ಡುಗಳಲ್ಲಿ ಒಂದೂ ಹೊಲ ಬಾರದೆ ಹೋಗುವ ಸಂಭವ ಸುಮಾರು ಶೇ. 19ರಷ್ಟಿದೆ. ಐದು ಸಲದಲ್ಲಿ ಒಂದು ಸಲ ಬರುವ ಅಪಾಯವನ್ನು, ಒಂದೇ ಏಟಿಗೆ ಸಾಯುವ ಹಕ್ಕಿಯ ಮೇಲೆ ಭಾರ ಹಾಕಿ ನಾನು ಮರೆತಿದ್ದೆ.

ಲಾನೋವರ್ ಎಲ್ವ್ಸ್

ಇದು ಒಂದು ಹಸಿರು ಮಾನಾ ಬೆಲೆಯ ಕ್ರೀಚರ್, ಅಂದರೆ ಜೀವಿ ಕಾರ್ಡು. ಬಲ ಒಂದು, ತಾಳಿಕೆ ಒಂದು. ಕಾರ್ಡನ್ನು ಅಡ್ಡ ತಿರುಗಿಸಿದರೆ, ಅಂದರೆ ಟ್ಯಾಪ್ ಮಾಡಿದರೆ, ಒಂದು ಹಸಿರು ಮಾನಾ ಕೊಡುತ್ತದೆ. 1993ರ ಮೊದಲ ಮುದ್ರಣವಾದ ಆಲ್ಫಾದಲ್ಲಿಯೇ ಇದ್ದ ಈ ಕಾರ್ಡು 2018ರ ಡೊಮಿನೇರಿಯಾ ಸೆಟ್ಟಿನಲ್ಲಿ ಮತ್ತು 2024ರ ಫೌಂಡೇಶನ್ಸ್ ಸೆಟ್ಟಿನಲ್ಲಿ ಮತ್ತೆ ಬಂದಿದೆ. ಹೀಗಾಗಿ ಇತ್ತೀಚಿನ ಸೆಟ್ಟುಗಳಿಂದ ಮಾತ್ರ ಆಡುವ ಸ್ಟ್ಯಾಂಡರ್ಡ್ ಪದ್ಧತಿಯವರೂ ಇದನ್ನು ಬಳಸಬಹುದು.

ಇದರ ಗುಣ ಸರಳತೆಯಲ್ಲಿದೆ. ಮೊದಲ ಸರದಿಗೆ ಇಳಿಸಿದರೆ ಎರಡನೆಯ ಸರದಿಗೆ ಮೂರು ಮಾನಾ ಕೈಗೆ ಬರುತ್ತದೆ, ಮತ್ತು ಎದುರಾಳಿ ಎರಡರ ಕಾರ್ಡು ಆಡುವಾಗ ನೀವು ಮೂರರ ಕಾರ್ಡು ಆಡುತ್ತೀರಿ. ಹೊಸದಾಗಿ ಬಂದ ಜೀವಿ ಅದೇ ಸರದಿಯಲ್ಲಿ ದಾಳಿಯನ್ನೂ ಮಾಡುವಂತಿಲ್ಲ, ಟ್ಯಾಪ್ ಚಿಹ್ನೆಯ ಕೆಲಸವನ್ನೂ ಮಾಡುವಂತಿಲ್ಲ ಎಂಬ ನಿಯಮವಿರುವುದರಿಂದ ಇಳಿಸಿದ ಸರದಿಯಲ್ಲಿಯೇ ಮಾನಾ ಸಿಗುವುದಿಲ್ಲ ಎಂಬುದನ್ನು ಕಲಿಯುವವರು ಗಟ್ಟಿಯಾಗಿ ನೆನಪಿಡಬೇಕು. ನಮ್ಮ ಮೇಜಿನಲ್ಲಿ ಹೊಸಬರಿಂದ ಅತಿ ಹೆಚ್ಚು ಆಗುವ ತಪ್ಪು ಇದೇ.

ಎಲ್ಫಿನ ನಿಜವಾದ ಬಲ ಅದರ ಕುಲದಲ್ಲಿದೆ. ಕಾರ್ಡಿನ ನಡುವಿನ ಸಾಲಿನಲ್ಲಿ ಎಲ್ಫ್ ಡ್ರೂಯಿಡ್ ಎಂದು ಬರೆದಿರುವ ಎರಡು ಪದಗಳು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಎಲ್ವಿಶ್ ಆರ್ಚ್‌ಡ್ರೂಯಿಡ್ ಎಂಬ ಮೂರು ಮಾನಾದ ಕಾರ್ಡು ನಿಮ್ಮ ಬೇರೆ ಎಲ್ಲ ಎಲ್ಫುಗಳಿಗೂ ಬಲವನ್ನೂ ತಾಳಿಕೆಯನ್ನೂ ಒಂದೊಂದು ಹೆಚ್ಚಿಸುತ್ತದೆ. ಅದರ ಮೇಲೆ, ತಾನು ಟ್ಯಾಪ್ ಆದಾಗ ನಿಮ್ಮಲ್ಲಿರುವ ಪ್ರತಿ ಎಲ್ಫಿಗೆ ಒಂದರಂತೆ ಹಸಿರು ಮಾನಾ ಕೊಡುತ್ತದೆ. ಮೊದಲ ಸರದಿಗೆ ಎಲ್ಫ್, ಎರಡನೆಯದಕ್ಕೆ ಆರ್ಚ್‌ಡ್ರೂಯಿಡ್ ಇಳಿದರೆ ಮೂರನೆಯ ಸರದಿಗೆ ಮೂರು ಹೊಲಗಳಿಂದ ಮೂರು, ಎಲ್ಫಿನಿಂದ ಒಂದು, ಆರ್ಚ್‌ಡ್ರೂಯಿಡಿನಿಂದ ಎರಡು, ಹೀಗೆ ಒಟ್ಟು ಆರು ಮಾನಾ ಆಗುತ್ತದೆ. ಇಂಥ ಕುಲದ ಡೆಕ್ಕಿನಲ್ಲಿ ಎಲ್ಫಿನ ಜಾಗಕ್ಕೆ ಹಕ್ಕಿಯನ್ನು ತರುವುದು ನಷ್ಟದ ವ್ಯವಹಾರ.

ಬರ್ಡ್ಸ್ ಆಫ್ ಪ್ಯಾರಡೈಸ್

ಬೆಲೆ ಅದೇ ಒಂದು ಹಸಿರು ಮಾನಾ. ಬಲ ಸೊನ್ನೆ, ತಾಳಿಕೆ ಒಂದು. ಹಾರುತ್ತದೆ, ಮತ್ತು ಟ್ಯಾಪ್ ಮಾಡಿದರೆ ಐದು ಬಣ್ಣಗಳಲ್ಲಿ ನೀವು ಬಯಸಿದ ಒಂದು ಬಣ್ಣದ ಮಾನಾ ಕೊಡುತ್ತದೆ. ಇದೂ ಆಲ್ಫಾ ಕಾಲದ ಕಾರ್ಡೇ.

ಇದು ಹುಟ್ಟಿದ ಬಗೆ ನನಗೆ ಬಹಳ ಪ್ರಿಯವಾದ ಸಂಗತಿ. ಚಿತ್ರಕಾರ ಮಾರ್ಕ್ ಪೂಲ್ ಅವರಿಗೆ ಟ್ರಾಪಿಕಲ್ ಐಲ್ಯಾಂಡ್ ಎಂಬ ಲ್ಯಾಂಡ್ ಕಾರ್ಡಿಗೆ ಚಿತ್ರ ಬರೆಯಲು ಹೇಳಲಾಗಿತ್ತು. ಅವರು ಬರೆದ ಚಿತ್ರದಲ್ಲಿ ಹಕ್ಕಿಯೇ ದೊಡ್ಡದಾಗಿ ಮುಂದೆ ಬಂದು ದ್ವೀಪ ಹಿಂದಕ್ಕೆ ಸರಿದುಬಿಟ್ಟಿತು. ಲ್ಯಾಂಡ್ ಕಾರ್ಡಿಗೆ ಹೊಂದದ ಆ ಚಿತ್ರವನ್ನು ಗಾರ್ಫೀಲ್ಡ್ ಬಿಟ್ಟುಕೊಡದೆ ಅದಕ್ಕಾಗಿಯೇ ಒಂದು ಹೊಸ ಕಾರ್ಡನ್ನು ರಚಿಸಿದರು. ಹೊಲಕ್ಕಾಗಿ ಬರೆದ ಚಿತ್ರವೇ ಹಕ್ಕಿಯಾದ ಈ ಕಾರ್ಡು ಇಂದಿಗೂ ಹೊಲದ ಕೆಲಸವನ್ನೇ ಮಾಡುತ್ತಿದೆ. ಅಂಬೋಲಿ ಘಾಟಿನ ಆಚೆಗಿನ ಸಾವಂತವಾಡಿಯಲ್ಲಿ ಕೈಯಿಂದ ಚಿತ್ರ ಬರೆದ ಗಂಜೀಫಾ ಎಲೆಗಳನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಕಾರ್ಡಿನ ಚಿತ್ರವೂ ಆಟದ ಭಾಗವೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಹಕ್ಕಿಗೆ ಸಾಟಿಯಾದುದು ಬಹಳ ಕಡಿಮೆ. ಬಿಳಿ, ಕಪ್ಪು, ಹಸಿರು ಮೂರೂ ಬಣ್ಣಗಳಿರುವ ಡೆಕ್ಕಿನಲ್ಲಿ ಎರಡನೆಯ ಸರದಿಗೆ ಒಂದು ಫಾರೆಸ್ಟ್ ಮತ್ತು ಬಿಳಿ ಕೊಡುವ ಒಂದು ಪ್ಲೇನ್ಸ್ ಇದ್ದು, ಕೈಯಲ್ಲಿ ಕಪ್ಪು ಬೇಡುವ ಮೂರು ಮಾನಾದ ಕಾರ್ಡಿದ್ದರೆ ಎಲ್ಫ್ ನಿಮಗೆ ಇನ್ನೊಂದು ಹಸಿರು ಕೊಟ್ಟು ಸುಮ್ಮನಾಗುತ್ತದೆ. ಹಕ್ಕಿ ಕಪ್ಪನ್ನು ಕೊಡುತ್ತದೆ. ಒಂದೇ ಬಣ್ಣದ ಡೆಕ್ಕಿನಲ್ಲಿ ಮಾತ್ರ ಈ ಗುಣಕ್ಕೆ ಏನೂ ಬೆಲೆಯಿಲ್ಲ. ಅಲ್ಲಿ ಹಕ್ಕಿ ಎಂದರೆ ದಾಳಿಯಲ್ಲಿ ಏಟು ಕೊಡಲಾರದ, ಹೆಚ್ಚು ದುಡ್ಡು ಕೊಟ್ಟು ತಂದ ಎಲ್ಫ್ ಅಷ್ಟೆ. ಪೂರ್ತಿ ಹಸಿರು ಡೆಕ್ ಕಟ್ಟಿ ಅದರಲ್ಲಿ ನಾಲ್ಕು ಹಕ್ಕಿಗಳನ್ನು ಹಾಕಿಕೊಂಡವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾರುವ ಗುಣವನ್ನು ಕೆಲವರು ಅತಿಯಾಗಿ ಎಣಿಸುತ್ತಾರೆ. ಎದುರಾಳಿಯ ದೊಡ್ಡ ಡ್ರ್ಯಾಗನ್ ಹಾರಿ ಬಂದಾಗ ಹಕ್ಕಿ ಅಡ್ಡ ನಿಂತು ಒಂದು ಸಲ ನಿಮ್ಮನ್ನು ಉಳಿಸಬಲ್ಲದು ಎಂಬುದು ನಿಜ. ನಿಮ್ಮ ಸರದಿಯಲ್ಲಿ ಮಾನಾಕ್ಕಾಗಿ ಟ್ಯಾಪ್ ಮಾಡಿದ ಹಕ್ಕಿ ಎದುರಾಳಿಯ ಸರದಿಯಲ್ಲಿ ಅಡ್ಡಲಾಗಿಯೇ ಮಲಗಿರುತ್ತದೆ, ಟ್ಯಾಪ್ ಆದ ಜೀವಿ ತಡೆಯಲು ನಿಲ್ಲಲಾರದು ಎಂಬುದೂ ಅಷ್ಟೇ ನಿಜ. ದುಡಿಸಿಕೊಳ್ಳುವುದೋ ಕಾವಲಿಗೆ ನಿಲ್ಲಿಸುವುದೋ ಎಂಬುದನ್ನು ಪ್ರತಿ ಸರದಿಯಲ್ಲಿ ಮೊದಲೇ ತೀರ್ಮಾನಿಸಬೇಕು.

ರ‍್ಯಾಂಪಂಟ್ ಗ್ರೋತ್ ಮತ್ತು ಅದರ ಬಳಗ

1996ರ ಮಿರಾಜ್ ಸೆಟ್ಟಿನಲ್ಲಿ ಬಂದ ಈ ಕಾರ್ಡು ಜೀವಿಯಲ್ಲ, ಒಂದು ಮಂತ್ರ. ಎರಡು ಮಾನಾ ಕೊಟ್ಟರೆ ನಿಮ್ಮ ಡೆಕ್ಕನ್ನು ಹುಡುಕಿ ಒಂದು ಬೇಸಿಕ್ ಲ್ಯಾಂಡನ್ನು, ಅಂದರೆ ಫಾರೆಸ್ಟ್, ಪ್ಲೇನ್ಸ್‌ನಂತಹ ಒಂದೇ ಬಣ್ಣದ ಸಾದಾ ಲ್ಯಾಂಡನ್ನು, ಟ್ಯಾಪ್ ಆದ ಸ್ಥಿತಿಯಲ್ಲಿ ನೇರವಾಗಿ ಕಣಕ್ಕೆ ಇಳಿಸಬಹುದು. ಆಮೇಲೆ ಡೆಕ್ಕನ್ನು ಮತ್ತೆ ಕಲಸಬೇಕು.

ಹೊಲ ಒಮ್ಮೆ ಬಂದರೆ ಬಂದಂತೆಯೇ. ಜೀವಿಗಳನ್ನು ಕೊಲ್ಲುವ ಕಾರ್ಡುಗಳಿಗೆ ಹೋಲಿಸಿದರೆ ಲ್ಯಾಂಡನ್ನು ನಾಶಮಾಡುವ ಕಾರ್ಡುಗಳನ್ನು ಜನ ತೀರ ಕಡಿಮೆ ಬಳಸುತ್ತಾರೆ, ಮನೆಯ ಆಟಗಳಲ್ಲಂತೂ ಅವು ಕಾಣಿಸುವುದೇ ಇಲ್ಲ ಎನ್ನಬಹುದು. ಬೇಕಾದ ಬಣ್ಣದ ಬೇಸಿಕ್ ಲ್ಯಾಂಡನ್ನು ಹುಡುಕಿ ತರುವುದರಿಂದ ಬಣ್ಣದ ಕೊರತೆಯೂ ಕಾಯಮ್ಮಾಗಿ ನೀಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎರಡನೆಯ ಸರದಿ. ಆ ಸರದಿಯ ಎರಡೂ ಮಾನಾ ಇದಕ್ಕೇ ಹೋಗಿ, ಬಂದ ಹೊಲವೂ ಟ್ಯಾಪ್ ಆಗಿಯೇ ಬರುವುದರಿಂದ, ಆ ಸರದಿಯಲ್ಲಿ ಕಣದ ಮೇಲೆ ಬೇರೇನೂ ಇಳಿಯುವುದಿಲ್ಲ.

ಈ ಬಳಗದಲ್ಲಿ ನೇಚರ್ಸ್ ಲೋರ್ ಎಂಬ ಕಾರ್ಡನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. 1995ರ ಐಸ್ ಏಜ್ ಸೆಟ್ಟಿನ ಈ ಕಾರ್ಡಿನ ಬೆಲೆಯೂ ಎರಡೇ ಮಾನಾ. ಇದು ಫಾರೆಸ್ಟ್ ಎಂಬ ಜಾತಿಯ ಲ್ಯಾಂಡನ್ನು ತರುತ್ತದೆ, ಮತ್ತು ಅದು ಟ್ಯಾಪ್ ಆಗದೆ ಬರುವುದರಿಂದ ಅದೇ ಸರದಿಯಲ್ಲಿ ಒಂದು ಮಾನಾ ಮರಳಿ ಕೈಗೆ ಸಿಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕಾರ್ಡು ಬೇಸಿಕ್ ಎಂಬ ಷರತ್ತು ಹಾಕುವುದಿಲ್ಲ. ಓವರ್‌ಗ್ರೋನ್ ಟೂಂಬ್‌ನಂತಹ, ಕಪ್ಪನ್ನೂ ಹಸಿರನ್ನೂ ಕೊಡುವ ಲ್ಯಾಂಡುಗಳ ಮೇಲೆ ಫಾರೆಸ್ಟ್ ಎಂಬ ಪದ ಬರೆದಿರುವುದರಿಂದ ಅವುಗಳನ್ನೂ ಹೀಗೆ ಎಳೆದು ತರಬಹುದು. ಅಂಥ ಲ್ಯಾಂಡುಗಳನ್ನು ಕೂಡಿಸಿಕೊಂಡವರು ರ‍್ಯಾಂಪಂಟ್ ಗ್ರೋತ್ ಬಿಟ್ಟು ಇದನ್ನೇ ಹಾಕಿಕೊಳ್ಳಬೇಕು. ಬರೀ ಬೇಸಿಕ್ ಲ್ಯಾಂಡುಗಳಿರುವ ಎರಡು ಮೂರು ಬಣ್ಣದ ಡೆಕ್ಕಿನವರಿಗೆ ರ‍್ಯಾಂಪಂಟ್ ಗ್ರೋತೇ ಸರಿ, ಏಕೆಂದರೆ ಅವರಿಗೆ ಬೇಕಾದುದು ಇನ್ನೊಂದು ಫಾರೆಸ್ಟ್ ಆಗಿರದೆ ಕಪ್ಪಿನ ಒಂದು ಸ್ವಾಂಪೋ ಕೆಂಪಿನ ಮೌಂಟನ್ನೋ ಆಗಿರುತ್ತದೆ. ಮೂರು ಮಾನಾದ ಕಲ್ಟಿವೇಟ್ ಎರಡು ಬೇಸಿಕ್ ಲ್ಯಾಂಡುಗಳನ್ನು ಹುಡುಕಿ ಒಂದನ್ನು ಕಣಕ್ಕೂ ಒಂದನ್ನು ಕೈಗೂ ಕೊಡುತ್ತದೆ. ನಿಧಾನವಾದ ಆಟಗಳಲ್ಲಿ ಅದೂ ಉತ್ತಮ ಕಾರ್ಡೇ.

ಸರದಿಯ ಲೆಕ್ಕ

ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಪ್ರತಿ ಸರದಿಯಲ್ಲಿ ಒಂದು ಹೊಲ ತಪ್ಪದೆ ಇಡುತ್ತೀರಿ ಎಂದಿಟ್ಟುಕೊಂಡರೆ, ಎಲ್ಫ್ ಅಥವಾ ಹಕ್ಕಿ ಎರಡನೆಯ ಸರದಿಗೆ ಮೂರು, ಮೂರನೆಯದಕ್ಕೆ ನಾಲ್ಕು ಮಾನಾ ಕೊಡುತ್ತವೆ. ರ‍್ಯಾಂಪಂಟ್ ಗ್ರೋತ್ ಕೂಡ ಮೂರನೆಯ ಸರದಿಗೆ ನಾಲ್ಕು ಮಾನಾವನ್ನೇ ಕೊಡುತ್ತದೆ. ವ್ಯತ್ಯಾಸವಿರುವುದು ಎರಡನೆಯ ಸರದಿಯಲ್ಲಿ ಮಾತ್ರ. ಆದ್ದರಿಂದ ನಿಮ್ಮ ಡೆಕ್ಕನ್ನು ಬಿಚ್ಚಿ ಮೂರು ಮಾನಾದ ಕಾರ್ಡುಗಳನ್ನೆಲ್ಲ ಒಂದು ಕಡೆ, ನಾಲ್ಕು ಮಾನಾದವನ್ನು ಇನ್ನೊಂದು ಕಡೆ ಹರಡಿಕೊಳ್ಳಿರಿ. ಎರಡನೆಯ ಸರದಿಗೇ ಇಳಿಸಿದರೆ ಆಟದ ದಿಕ್ಕು ಬದಲಿಸಬಲ್ಲ ಮೂರು ಮಾನಾದ ಕಾರ್ಡುಗಳು ಏಳೆಂಟಾದರೂ ಇದ್ದರೆ ಒಂದು ಮಾನಾದ ಜೀವಿ ಬೇಕು. ಡೆಕ್ಕಿನ ಬಲವೆಲ್ಲ ನಾಲ್ಕು, ಐದು, ಆರು ಮಾನಾದ ಕಾರ್ಡುಗಳಲ್ಲಿದ್ದರೆ ಒಂದೇ ಏಟಿಗೆ ಸಾಯುವ ಜೀವಿಯನ್ನು ನೆಚ್ಚಿಕೊಳ್ಳುವ ಅಗತ್ಯವೇ ಇಲ್ಲ, ಹೊಲವನ್ನು ತರುವ ಮಂತ್ರವೇ ಸಾಕು.

ಮೊದಲ ಸರದಿಗೆ ಆ ಜೀವಿ ಕೈಯಲ್ಲಿರಬೇಕು ಎಂಬುದೂ ಒಂದು ಷರತ್ತು. ಅರವತ್ತರ ಡೆಕ್ಕಿನಲ್ಲಿ ಬೇಸಿಕ್ ಲ್ಯಾಂಡ್ ಬಿಟ್ಟು ಒಂದೇ ಕಾರ್ಡಿನ ನಾಲ್ಕು ಪ್ರತಿಗಳಿಗಿಂತ ಹೆಚ್ಚು ಇಡುವಂತಿಲ್ಲ. ನಾಲ್ಕು ಪ್ರತಿಗಳಿದ್ದರೆ ಮೊದಲ ಏಳು ಕಾರ್ಡುಗಳಲ್ಲಿ ಒಂದಾದರೂ ಬರುವ ಸಂಭವ ಸುಮಾರು ಶೇ. 40. ನಾಲ್ಕು ಎಲ್ಫ್ ಮತ್ತು ನಾಲ್ಕು ಹಕ್ಕಿ ಸೇರಿ ಎಂಟಾದರೆ ಅದು ಶೇ. 65ಕ್ಕೆ ಏರುತ್ತದೆ. ಎರಡು ಪ್ರತಿ ಹಾಕಿಕೊಂಡು ಮೊದಲ ಸರದಿಗೆ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹತ್ತನೆಯ ಸರದಿಗೆ ಬಂದ ಎಲ್ಫ್ ಮಾಡುವ ಉಪಕಾರ ಅಷ್ಟಕ್ಕಷ್ಟೇ ಆಗಿರುತ್ತದೆ. ಈ ಬಗೆಯ ಜೀವಿಗಳನ್ನು ಹಾಕುವುದಾದರೆ ಎಂಟರ ಹತ್ತಿರ ಹಾಕಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಎಂಟು ಹಾಕಿದಿರಿ ಎಂದು ಹೊಲಗಳನ್ನು ಎಂಟು ಕಡಿಮೆ ಮಾಡಬೇಡಿರಿ. 24ರಿಂದ ಒಂದೆರಡನ್ನು ತೆಗೆದರೆ ಸಾಕು. ಮೇಲೆ ಹೇಳಿದ ಮಳೆಗಾಲದ ಆಟವನ್ನು ನೆನಪಿಡಿರಿ.

ಎದುರಿಗೆ ಕುಳಿತವರು ಯಾರು

ಆಯ್ಕೆಯನ್ನು ನಿರ್ಧರಿಸುವ ಅತಿ ದೊಡ್ಡ ಅಂಶ ನನ್ನ ಎಣಿಕೆಯಲ್ಲಿ ಇದೇ. ನಮ್ಮ ಊರಿನಲ್ಲಿ ಆಡುವವರು ಕೈಬೆರಳೆಣಿಕೆಯ ಜನ, ಅದದೇ ನಾಲ್ಕಾರು ಡೆಕ್ಕುಗಳು ವಾರವಾರವೂ ಎದುರಾಗುತ್ತವೆ. ದೊಡ್ಡ ಪಂದ್ಯಗಳಿಗೆ ತಯಾರಾಗುವವರಿಗೆ ಸಿಗದ ಒಂದು ಅನುಕೂಲ ಇದರಿಂದ ನಮಗೆ ಸಿಗುತ್ತದೆ. ಗೆಳೆಯರು ಯಾವ ಕಾರ್ಡು ಆಡುತ್ತಾರೆ ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ.

ಎದುರಿನವರು ಕೆಂಪು ಆಡುತ್ತಿದ್ದರೆ ನಿಮ್ಮ ಮೊದಲ ಸರದಿಯ ಜೀವಿ ಉಳಿಯುವುದಿಲ್ಲ ಎಂದೇ ಲೆಕ್ಕ ಹಾಕಬೇಕು. ಲೈಟ್ನಿಂಗ್ ಬೋಲ್ಟ್ ಒಂದು ಮಾನಾಕ್ಕೆ ಮೂರು ಏಟು ಕೊಡುತ್ತದೆ, ಶಾಕ್ ಎರಡು ಕೊಡುತ್ತದೆ, ನಿಮ್ಮ ಹಕ್ಕಿಗೆ ಒಂದೇ ಸಾಕು. ಮೊದಲ ಸರದಿಯ ಹಕ್ಕಿ ಕಂಡ ಕೂಡಲೇ ಹೊಡೆದುಬಿಡಬೇಕು ಎಂಬುದು ಅನುಭವಿ ಆಟಗಾರರಲ್ಲಿ ಬಹುಕಾಲದಿಂದ ನಡೆದು ಬಂದ ಪಾಠ. ಇಲ್ಲಿಯೂ ಒಂದು ವಿವೇಚನೆ ಬೇಕು. ಅವರು ಒಂದು ಮಾನಾ ಮತ್ತು ಒಂದು ಕಾರ್ಡು ಖರ್ಚು ಮಾಡಿ ನಿಮ್ಮ ಒಂದು ಮಾನಾದ ಒಂದು ಕಾರ್ಡನ್ನು ತೆಗೆದಿದ್ದಾರೆ, ಲೆಕ್ಕ ಸಮವಾಗಿದೆ, ಮತ್ತು ಆ ಬೋಲ್ಟ್ ಇನ್ನು ನಿಮ್ಮ ಮುಂದಿನ ಒಳ್ಳೆಯ ಜೀವಿಗೆ ಬೀಳುವುದಿಲ್ಲ. ಕೈಯಲ್ಲಿ ಮೂರು ಹೊಲಗಳಿದ್ದವರಿಗೆ ಇದರಿಂದ ಒಂದು ಹೆಜ್ಜೆ ಹಿಂದಾಗುತ್ತದೆ, ಅಷ್ಟೇ. ಎರಡೇ ಇದ್ದವರ ಆಟ ಮುಗಿಯುತ್ತದೆ.

ಬಿಳಿ ಆಡುವವರಲ್ಲಿ ವ್ರಾತ್ ಆಫ್ ಗಾಡ್ ಇದ್ದರೆ ಸಂಗತಿ ಇನ್ನೂ ಕಠಿಣ. ನಾಲ್ಕು ಮಾನಾದ ಆ ಒಂದು ಮಂತ್ರ ಕಣದ ಎಲ್ಲ ಜೀವಿಗಳನ್ನೂ ಒಟ್ಟಿಗೆ ಗುಡಿಸಿಬಿಡುತ್ತದೆ. ದೊಡ್ಡ ಜೀವಿಗಳ ಜೊತೆಗೆ ಅವುಗಳ ಖರ್ಚು ಭರಿಸುತ್ತಿದ್ದ ಎಲ್ಫುಗಳೂ ಹೋಗಿ ಎರಡು ಕಡೆಯಿಂದಲೂ ಏಟು ಬೀಳುತ್ತದೆ. ರ‍್ಯಾಂಪಂಟ್ ಗ್ರೋತ್ ಆಡಿದವರ ಹೊಲಗಳು ಮಾತ್ರ ಹಾಗೆಯೇ ಉಳಿದು, ಮುಂದಿನ ಸರದಿಯಲ್ಲಿಯೇ ಆರು ಮಾನಾದ ಇನ್ನೊಂದು ಜೀವಿಯನ್ನು ಇಳಿಸಲು ಅವರಿಗೆ ಸಾಧ್ಯವಾಗುತ್ತದೆ. ಕಪ್ಪು ಬಣ್ಣದವರ ಬಳಿ 2023ರಲ್ಲಿ ಬಂದ ಆರ್ಕಿಶ್ ಬೋಮಾಸ್ಟರ್ಸ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ. ಕಣಕ್ಕೆ ಇಳಿಯುತ್ತಿದ್ದಂತೆ ಒಂದು ಏಟು ಕೊಡುವ ಆ ಕಾರ್ಡು, ಒಂದೇ ತಾಳಿಕೆಯ ಜೀವಿಗಳನ್ನು ಆಡುವವರ ನೆಮ್ಮದಿಯನ್ನೇ ಕೆಡಿಸಿದೆ. ನೀಲಿ ಆಡುವವರ ಎದುರು ಮಾತ್ರ ನಾನು ಯಾವಾಗಲೂ ಒಂದು ಮಾನಾದ ಜೀವಿಯನ್ನೇ ಬಯಸುತ್ತೇನೆ. ನಾವು ಆಡಿದ ಕಾರ್ಡನ್ನು ಇಳಿಯುವ ಮೊದಲೇ ತಡೆಯುವ ಕೌಂಟರ್‌ಸ್ಪೆಲ್ಲಿಗೆ ಎರಡು ಮಾನಾ ಬೇಕು, ಮತ್ತು ಮೊದಲ ಸರದಿಯಲ್ಲಿ ಅವರ ಬಳಿ ಅದು ಇರುವುದಿಲ್ಲ.

ಕೊಳ್ಳುವಾಗ ಮತ್ತು ಇಟ್ಟುಕೊಳ್ಳುವಾಗ

ಲಾನೋವರ್ ಎಲ್ವ್ಸ್ ಮತ್ತು ರ‍್ಯಾಂಪಂಟ್ ಗ್ರೋತ್ ಸಾಮಾನ್ಯ ದರ್ಜೆಯ ಕಾರ್ಡುಗಳಾದ್ದರಿಂದ ಅಗ್ಗ. ಹಕ್ಕಿ ಅಪರೂಪದ ದರ್ಜೆಯದು, ಅದಕ್ಕೆ ಹೆಚ್ಚು ದುಡ್ಡು ಬೀಳುತ್ತದೆ. ಈ ಮೂರರಲ್ಲಿ ಯಾವುದೂ ಮರುಮುದ್ರಣ ಮಾಡುವುದಿಲ್ಲ ಎಂದು ಸಂಸ್ಥೆ ಮಾತು ಕೊಟ್ಟ ರಿಸರ್ವ್ಡ್ ಲಿಸ್ಟ್‌ನಲ್ಲಿ ಇಲ್ಲ. ಹಾಗಾಗಿ ಹೊಸ ಮುದ್ರಣಗಳು ಬರುತ್ತಲೇ ಇವೆ. ಆಲ್ಫಾ ಮುದ್ರಣದ ಹಕ್ಕಿ ಸಂಗ್ರಹಕಾರರ ಆಸ್ತಿ. ಕಣದಲ್ಲಿ ಅದು ಮಾಡುವ ಕೆಲಸವನ್ನೇ ಹೊಸ ಮುದ್ರಣದ ಹಕ್ಕಿಯೂ ಮಾಡುತ್ತದೆ. ಆಡುವುದಕ್ಕೆ ಕೊಳ್ಳುವವರು ಹೊಸ ಮುದ್ರಣವನ್ನೇ ಕೊಳ್ಳಲಿ.

ನಾವು ಬಿಡಿ ಕಾರ್ಡುಗಳನ್ನು ಹೊರ ಊರುಗಳಿಂದ ಕೊರಿಯರ್ ಮೂಲಕ ತರಿಸಿಕೊಳ್ಳುವವರು, ಕೈಗೆ ಬರುವ ಮೊದಲು ನೋಡುವ ಅವಕಾಶವಿಲ್ಲ. ಒಬ್ಬ ಮಾರಾಟಗಾರರಿಂದ ತರಿಸಿದ ಎರಡು ಹಕ್ಕಿಗಳು ನನಗೆ ನಕಲಿಯಾಗಿಯೇ ಬಂದವು. ಬಣ್ಣ ಸ್ವಲ್ಪ ಮಂಕಾಗಿದೆ ಎಂಬುದನ್ನು ಬಿಟ್ಟರೆ ಬರಿಗಣ್ಣಿಗೆ ಏನೂ ತಿಳಿಯುತ್ತಿರಲಿಲ್ಲ. ಪರಿಚಯದ ಸರಾಫರೊಬ್ಬರ ಅಂಗಡಿಗೆ ಹೋಗಿ, ಅವರು ಹರಳು ನೋಡುವ ಭೂತಗನ್ನಡಿಯನ್ನು ಕೇಳಿ ಪಡೆದು ಕಾರ್ಡಿನ ಹಿಂಬದಿಯನ್ನು ನೋಡಿದೆ. ಹಿಂಬದಿಯ ನಡುವೆ ಐದು ಬಣ್ಣದ ಬೊಟ್ಟುಗಳಿವೆಯಲ್ಲ, ಅವುಗಳಲ್ಲಿ ಹಸಿರು ಬೊಟ್ಟಿನೊಳಗೆ ಅಸಲಿ ಕಾರ್ಡಿನಲ್ಲಿ ನಾಲ್ಕು ಪುಟ್ಟ ಕೆಂಪು ಚುಕ್ಕೆಗಳು ಇಂಗ್ಲಿಷಿನ L ಅಕ್ಷರದ ಆಕಾರದಲ್ಲಿ ಕೂತಿರುತ್ತವೆ. ನನ್ನ ಹಳೆಯ ಫಾರೆಸ್ಟ್ ಕಾರ್ಡಿನಲ್ಲಿ ಅವು ಚೊಕ್ಕಟವಾಗಿ ಕಂಡವು. ಹೊಸ ಹಕ್ಕಿಗಳಲ್ಲಿ ಆ ಜಾಗದಲ್ಲಿ ಬರೀ ಕಲಸಿದ ಬಣ್ಣವಿತ್ತು. ಮುಂಬದಿಯ ಕಪ್ಪು ಅಕ್ಷರಗಳನ್ನೂ ಹೀಗೆಯೇ ನೋಡಬೇಕು. ಅಸಲಿಯಲ್ಲಿ ಅಕ್ಷರದ ಅಂಚು ಗಟ್ಟಿಯಾಗಿ, ಒಂದೇ ಕಪ್ಪಾಗಿರುತ್ತದೆ, ನಕಲಿಯಲ್ಲಿ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಹಕ್ಕಿಯಂತಹ ಬೆಲೆಯ ಕಾರ್ಡು ತರಿಸಿದಾಗಲೆಲ್ಲ ಈ ಎರಡು ಪರೀಕ್ಷೆಗಳನ್ನು ಮಾಡಿಯೇ ಡೆಕ್ಕಿಗೆ ಸೇರಿಸಿರಿ.

ಹೊಳೆಯುವ ಫಾಯಿಲ್ ಮುದ್ರಣವನ್ನು ಬೆಳಗಾವಿಯವರಿಗೆ ನಾನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತಂಪಿಗೆ ಕಾರ್ಡಿನ ಕಾಗದದ ಪದರ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಫಾಯಿಲ್ ಪದರ ಹಿಗ್ಗುವುದಿಲ್ಲ, ಕಾರ್ಡು ಹಪ್ಪಳದಂತೆ ಬಾಗುತ್ತದೆ. ಡೆಕ್ಕಿನ ನಡುವೆ ಬಾಗಿದ ಕಾರ್ಡು ಎಲ್ಲಿದೆ ಎಂಬುದು ಪಕ್ಕದಿಂದಲೇ ಗೊತ್ತಾಗುವುದರಿಂದ ಪಂದ್ಯಗಳಲ್ಲಿ ಅದನ್ನು ಗುರುತು ಮಾಡಿದ ಕಾರ್ಡೆಂದೇ ಎಣಿಸುತ್ತಾರೆ. ವಿಜಯಪುರದ ಗೆಳೆಯರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಎಲ್ಲರೂ ಕಾರ್ಡುಗಳಿಗೆ ಸ್ಲೀವ್ ಎಂಬ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ತಪ್ಪದೆ ಹಾಕಬೇಕು, ಏಕೆಂದರೆ ಗಿರಮಿಟ್ಟಿನ ತಟ್ಟೆ ಮತ್ತು ಕಾರ್ಡುಗಳು ಒಂದೇ ಮೇಜಿನ ಮೇಲಿರುವುದು ನಮ್ಮಲ್ಲಿ ತಪ್ಪುವುದಿಲ್ಲ.

ನಾಲ್ವರು ಕೂಡಿ ಕಮಾಂಡರ್ ಆಡುವಾಗ

ರವಿವಾರದ ಆಟ ಈಗ ಹೆಚ್ಚಾಗಿ ಕಮಾಂಡರ್ ಪದ್ಧತಿಯದೇ ಆಗಿದೆ. ನೂರು ಕಾರ್ಡಿನ ಡೆಕ್ಕು, ಬೇಸಿಕ್ ಲ್ಯಾಂಡ್ ಬಿಟ್ಟು ಪ್ರತಿ ಕಾರ್ಡಿನದೂ ಒಂದೇ ಪ್ರತಿ, ಜೀವದ ಅಂಕ ಇಪ್ಪತ್ತರ ಬದಲು ನಲವತ್ತು. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಮಾಂಡರ್ ಆಗಿ ಬೇರೆ ಇಡುವ ಕಾರ್ಡನ್ನು ಬಿಟ್ಟು ಉಳಿದ 99ರಲ್ಲಿ ಒಂದೇ ಒಂದು ಪ್ರತಿ ಇದ್ದಾಗ ಮೊದಲ ಏಳರಲ್ಲಿ ಅದು ಬರುವ ಸಂಭವ ಶೇ. 7 ಮಾತ್ರ. ಎಲ್ಫುಗಳ ಡೆಕ್ಕಿನವರು ಲಾನೋವರ್ ಎಲ್ವ್ಸ್ ಜೊತೆಗೆ, ಅದೇ ಬೆಲೆ ಅದೇ ಕೆಲಸದ ಫಿಂಡ್‌ಹಾರ್ನ್ ಎಲ್ವ್ಸ್ ಮತ್ತು ಎಲ್ವಿಶ್ ಮಿಸ್ಟಿಕ್ ಎರಡನ್ನೂ ಸೇರಿಸಿ ಮೂರು ಮಾಡಿಕೊಳ್ಳುತ್ತಾರೆ. ಹೆಸರು ಬೇರೆಯಾದ್ದರಿಂದ ನಿಯಮಕ್ಕೆ ಅಡ್ಡಿಯಿಲ್ಲ.

ಸಿದ್ಧವಾಗಿ ಕೊಳ್ಳುವ ಕಮಾಂಡರ್ ಡೆಕ್ಕುಗಳಲ್ಲಿ ಸೋಲ್ ರಿಂಗ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಂದು ಮಾನಾದ ಈ ಉಂಗುರ ಟ್ಯಾಪ್ ಮಾಡಿದಾಗ ಬಣ್ಣವಿಲ್ಲದ ಎರಡು ಮಾನಾ ಕೊಡುತ್ತದೆ, ಮತ್ತು ಜೀವಿಯಲ್ಲದ್ದರಿಂದ ಇಳಿಸಿದ ಸರದಿಯಲ್ಲಿಯೇ ದುಡಿಯುತ್ತದೆ. 2024ರಲ್ಲಿ ಮಾನಾ ಕ್ರಿಪ್ಟ್ ಮತ್ತು ಜ್ಯುವೆಲ್ಡ್ ಲೋಟಸ್ ಕಾರ್ಡುಗಳನ್ನು ಕಮಾಂಡರಿನಿಂದ ನಿಷೇಧಿಸಿದಾಗಲೂ ಸೋಲ್ ರಿಂಗ್ ಉಳಿಯಿತು. ಅದನ್ನು ಹಕ್ಕಿಯ ಜೊತೆಗೋ ಎಲ್ಫಿನ ಜೊತೆಗೋ ತೂಗಿ ನೋಡುವ ಅಗತ್ಯವಿಲ್ಲ, ಯಾವ ಡೆಕ್ಕಾದರೂ ಹಾಕಿಕೊಳ್ಳಬೇಕು. ಬಣ್ಣಕ್ಕಾಗಿ ಎರಡು ಮಾನಾದ ಆರ್ಕೇನ್ ಸಿಗ್ನೆಟ್ ಅದರ ಜೊತೆಗಿರಲಿ.

ಉಳಿದ ಜಾಗಗಳ ವಿಷಯದಲ್ಲಿ ನನ್ನ ತೀರ್ಮಾನ ಖಚಿತವಾಗಿದೆ. ನಾಲ್ವರ ಆಟದಲ್ಲಿ ಮೂವರು ಎದುರಾಳಿಗಳಿರುತ್ತಾರೆ. ಅವರಲ್ಲಿ ಒಬ್ಬರಾದರೂ ಕಣವನ್ನೆಲ್ಲ ಗುಡಿಸುವ ಮಂತ್ರವನ್ನು ಆಡಿಯೇ ಆಡುತ್ತಾರೆ, ಮತ್ತು ಆಟ ಹತ್ತು ಸರದಿಯ ಆಚೆಗೂ ನಡೆಯುತ್ತದೆ. ಆದ್ದರಿಂದ ಎಲ್ಫುಗಳ ಕುಲವನ್ನೇ ನೆಚ್ಚಿದ ಡೆಕ್ಕನ್ನು ಹೊರತುಪಡಿಸಿ ಬೇರೆಲ್ಲ ಹಸಿರು ಕಮಾಂಡರ್ ಡೆಕ್ಕುಗಳಿಗೆ ನಾನು ಹೊಲ ತರುವ ಮಂತ್ರಗಳನ್ನೇ ಮೊದಲು ತುಂಬಿಸುತ್ತೇನೆ. ಬಿಳಿ, ಕಪ್ಪು, ಹಸಿರಿನ ನನ್ನ ಡೆಕ್ಕಿನಲ್ಲಿ ಈಗ 37 ಹೊಲಗಳು, ಸೋಲ್ ರಿಂಗ್, ಆರ್ಕೇನ್ ಸಿಗ್ನೆಟ್, ನೇಚರ್ಸ್ ಲೋರ್, ರ‍್ಯಾಂಪಂಟ್ ಗ್ರೋತ್, ಕಲ್ಟಿವೇಟ್ ಇವೆ. ಲಾನೋವರ್ ಎಲ್ವ್ಸ್ ಇಲ್ಲ. ಹಕ್ಕಿ ಒಂದಿದೆ, ಸರಾಫರ ಗಾಜಿನಡಿ ನೋಡಿ ಖಾತ್ರಿ ಮಾಡಿಕೊಂಡದ್ದು. ಅದು ಮೊದಲ ಕೈಯಲ್ಲಿ ಬಂದಾಗ ಜೊತೆಯಲ್ಲಿ ಮೂರು ಹೊಲಗಳಿದ್ದರೆ ಇಳಿಸುತ್ತೇನೆ. ಎರಡೇ ಇದ್ದರೆ ಏಳೂ ಕಾರ್ಡುಗಳನ್ನು ಡೆಕ್ಕಿಗೆ ಮರಳಿಸಿ, ಕಲಸಿ, ಹೊಸ ಕೈ ಎತ್ತಿಕೊಳ್ಳುತ್ತೇನೆ. ಕಮಾಂಡರಿನಲ್ಲಿ ಮೊದಲ ಸಲ ಹೀಗೆ ಮಾಡುವುದಕ್ಕೆ ಕಾರ್ಡಿನ ದಂಡವಿಲ್ಲ.